ಕಪ್ಪು ಗಾಜಿನ ಬಾಣದ ಮೊನೆ

ನಾಪಾ ಕಡೆ ಗುಡ್ಡಗಳಲ್ಲಿ ಅಬ್ಸಿಡಿಯನ್ ಅನ್ನೋ ಕಪ್ಪು ಗಾಜಿನಂಥ ಕಲ್ಲು ಸಿಗುತ್ತೆ. ಸಾವಿರಾರು ವರ್ಷದ ಹಿಂದೆ ಇಲ್ಲಿನ ಮೂಲನಿವಾಸಿ ಜನ ಅದನ್ನೇ ಒಡೆದು ಬಾಣದ ಮೊನೆ ಮಾಡ್ತಿದ್ದರಂತೆ. ಪಾರ್ಕೊಂದರಲ್ಲಿ ಆ ಕೆಲಸ ಕಲಿಸೋ ಕ್ಲಾಸಿಗೆ ಹೋಗಿ, ಒಂದಿಷ್ಟು ಕಲ್ಲು ಹಾಳುಮಾಡಿ, ಬೆರಳು ಕೊಯ್ದುಕೊಂಡು, ಕೊನೆಗೆ ನಾನೂ ಒಂದು ಮಾಡಿದೆ. ಎಲೆಯ ಹಾಗೆ ತೆಳ್ಳಗಿತ್ತು. ಅಷ್ಟು ಚೆನ್ನಾಗಿರೋದನ್ನ ಸುಮ್ಮನೆ ತೋರಿಸೋದು ಹೇಗೆ?

"ಅಪ್ಪಾ, ದಾರೀಲಿ ಸಿಕ್ತು. ಸಾವಿರಾರು ವರ್ಷದ್ದು!"

ನಮ್ಮಪ್ಪ ಹುಬ್ಬಳ್ಳಿಯವರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಸಾಲಿ ಕಲೀದ ಮಂದಿ ಎಷ್ಟು ಚಂದ ಮಾಡ್ಯಾರ ನೋಡಲೇ! ನಿನಗ ಒಂದ್ ಪೆನ್ಸಿಲ್ ಚೂಪ್ ಮಾಡಾಕ ಬರಂಗಿಲ್ಲ."

"ನಾನೇ ಮಾಡಿದ್ದು ಅಪ್ಪಾ."

"ಸಾಕ್ ಮಾಡು ನಿನ್ನ ಚ್ಯಾಷ್ಟಿ."

ಯಾರದೋ ಹಿರಿಯರ ಸಾಮಾನು ನಮ್ಮ ಮನೆಯಲ್ಲಿರಬಾರದು ಅಂತ, ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕಾರಿಗೆ ಹತ್ತಿಸಿ, ಪಾರ್ಕಿನ ಆಫೀಸಿಗೆ ಹೊರಟೇಬಿಟ್ಟರು. ಸುಮ್ಮನೆ ನಿಜ ಹೇಳಿದ್ದರೆ ಬೆನ್ನಾದರೂ ತಟ್ಟುತ್ತಿದ್ದರೇನೋ ಅಂತ ಫ್ರೀವೇ ಉದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆಫೀಸಿನ ಹೆಂಗಸು ಮೊನೆಯನ್ನು ತಿರುಗಿಸಿ ನೋಡಿ, "ಹೊಳಪು ಮಾಸಿಲ್ಲ, ಇದು ಹೊಸದು ಸರ್. ಆದರೆ ಮಾಡಿದವರ ಕೈ ಚೆನ್ನಾಗಿದೆ" ಅಂದರು.

ಅಬ್ಬಾ, ಉಳಿದೆ ಅಂದುಕೊಂಡೆ. ಅಪ್ಪ ನನ್ನ ಕಡೆ ತಿರುಗಿ, "ಯಾರದಲೇ ಇದು? ಯಾರ ಕಡಿಂದ ಕದ್ದಿ?" ಅಂದರು.

ಬೆರಳಿನ ಬ್ಯಾಂಡೇಜು ತೋರಿಸಿದೆ.

"ಕದಿಯೂವಾಗ ಕೊಯ್ದಿರಬೇಕು."

ಸಾವಿರಾರು ವರ್ಷದ್ದು ಅಂದಾಗ ಮಾತ್ರ ಒಂದೇ ಏಟಿಗೆ ನಂಬಿದ್ದರು.