ಎರಡನೇ ಅಲ್ಪವಿರಾಮ

ಮನೆಯಲ್ಲೂ ಅಂಗಡಿಯಲ್ಲೂ ಅವನಿಗಿದ್ದ ಹೆಸರು ‘ಅರ್ಧಕಿವಿ’. ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಯಾರಾದರೂ ಮಾತು ಶುರುಮಾಡಿದರೆ ಅರ್ಧಕ್ಕೇ ‘ಗೊತ್ತಾಯ್ತು, ಗೊತ್ತಾಯ್ತು’ ಎಂದು ಎದ್ದುಹೋಗುವ ಚಾಳಿ, ಅಷ್ಟೆ. ಉಪ್ಪು ತಾ ಎಂದರೆ ತರುತ್ತಿದ್ದ. ಉಪ್ಪು ತರಬೇಡ, ಮನೆಯಲ್ಲೇ ಇದೆ ಎಂದರೂ ತರುತ್ತಿದ್ದ. ಹೆಸರಿಟ್ಟವಳು ಅವನ ಅಕ್ಕ.

ಎರಡು ಕಡೆ ಕೆಲಸ ಬಿಟ್ಟು ಬಂದ ತಮ್ಮನನ್ನು ಅಕ್ಕ ತನ್ನ ಅಂಗಡಿಗೇ ಸೇರಿಸಿಕೊಂಡಳು. ಅದು ಬಾಗಿಲಿಗೆ ಹಾಕುವ ನಾಮಫಲಕಗಳ ಅಂಗಡಿ. ಮುಂದೆ ಗಾಜಿನ ಮೇಜು, ಅದರ ಹಿಂದೆ ಅಕ್ಕ. ಹಲಗೆಯ ಅಡ್ಡಗೋಡೆಯ ಆಚೆ ಕೆತ್ತುವ ಯಂತ್ರ, ಅದರ ಮುಂದೆ ಹುಬ್ಬಿಗೆಲ್ಲ ಹಿತ್ತಾಳೆಯ ಪುಡಿ ಮೆತ್ತಿಕೊಂಡ ಭಾವ. ಅರ್ಧಕಿವಿ ಸುಮ್ಮನೆ ಕೂರುವ ಜಾತಿಯವನಲ್ಲ. ವಿಡಿಯೊಗಳನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿತ. ಎಲ್ಲ ವಿಡಿಯೊಗಳ ಮೊದಲರ್ಧ ಅವನಿಗೆ ಬಾಯಿಪಾಠವಾಗಿತ್ತು.

ಕಲಿತ ವಿದ್ಯೆಯಿಂದ ಅಂಗಡಿಗೊಂದು ವೆಬ್ ಪುಟ ಕಟ್ಟಿದ. ಗಿರಾಕಿ ಅದರಲ್ಲಿ ತನ್ನ ಹೆಸರು, ಅಲ್ಪವಿರಾಮ, ತನ್ನ ಉದ್ಯೋಗ ಟೈಪು ಮಾಡಿದರೆ ಸಾಕು. ‘ಸ್ಪ್ಲಿಟ್’ ಎಂಬ ಆಜ್ಞೆ ಅಲ್ಪವಿರಾಮ ಕಂಡಲ್ಲಿ ಸಾಲನ್ನು ತುಂಡು ಮಾಡುತ್ತದೆ. ಮೊದಲ ತುಂಡು ಫಲಕದ ಮೇಲಿನ ಸಾಲು, ಎರಡನೆಯದು ಕೆಳಗಿನದು. ಅಲ್ಲಿಂದ ನೇರ ಭಾವನ ಯಂತ್ರಕ್ಕೆ. ಫಲಕದಲ್ಲಿ ಎರಡೇ ಸಾಲಿಗೆ ಜಾಗವಿದ್ದದ್ದರಿಂದ, ಎಷ್ಟು ತುಂಡು ಬೇಕು ಎಂದು ಹೇಳುವ ಕಡೆ ಅವನು ‘2’ ಎಂದು ಬರೆದ. ಒಮ್ಮೆ ಕತ್ತರಿಸಿ, ಉಳಿದದ್ದನ್ನೆಲ್ಲ ಎರಡನೇ ತುಂಡಿನಲ್ಲಿ ಹಾಗೇ ಇಡುತ್ತದೆ ಎಂಬುದು ಅವನ ನಂಬಿಕೆ. ನಿಜವಾಗಿ ಏನಾಗುತ್ತದೆ ಎಂಬುದು ವಿಡಿಯೊದ ಉಳಿದರ್ಧದಲ್ಲಿತ್ತು.

ಬಡಗಿ, ವಕೀಲ, ಸಂಗೀತದ ಮೇಷ್ಟ್ರು, ಎಲ್ಲರ ಫಲಕವೂ ಲಕ್ಷಣವಾಗಿ ಬಂತು. ಅಕ್ಕ ಅಪರೂಪಕ್ಕೆ ತಮ್ಮನನ್ನು ಹೊಗಳಿದಳು. ಅಷ್ಟರಲ್ಲಿ ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ ತಮ್ಮ ದವಾಖಾನೆಗೊಂದು ಫಲಕ ಬೇಕೆಂದರು. ಮಾತಿನ ಮಧ್ಯೆ ಉಸಿರು ಬಿಟ್ಟಲ್ಲೆಲ್ಲ ಅಲ್ಪವಿರಾಮ ಹಾಕುವ ಅಭ್ಯಾಸ ಅವರದ್ದು. ಅವರು ಟೈಪು ಮಾಡಿದ್ದು: ‘ಒಳಗೆ ಬನ್ನಿ, ನೋವಾಗುತ್ತದೆ, ಎಂಬ ಭಯ ಬೇಡ.’

ಭಾವ ಕೆತ್ತಿದ. ಅರ್ಧಕಿವಿ ಹೋಗಿ ಬಾಗಿಲಿಗೆ ತಿರುಪು ಬಿಗಿದು ಬಂದ. ಡಾಕ್ಟರಮ್ಮ ಓಡಾಡುವುದು ಹಿತ್ತಿಲ ಬಾಗಿಲಿನಿಂದ. ಅವರ ಕಣ್ಣಿಗೂ ಅದು ಆಗ ಬೀಳಲಿಲ್ಲ.

ಕೆಲವು ದಿನಗಳ ಮೇಲೆ ಆ ಬೀದಿಯಲ್ಲಿ ಹೋಗುತ್ತಿದ್ದ ಅಕ್ಕ ಫಲಕ ನೋಡಿ, ಸೆರಗಿಗೆ ಬೆಂಕಿ ಬಿದ್ದವಳಂತೆ ಅಂಗಡಿಗೆ ಓಡಿಬಂದಳು.

“ಏನೋ ಮಾಡಿಟ್ಟಿದ್ದೀಯ? ‘ಒಳಗೆ ಬನ್ನಿ, ನೋವಾಗುತ್ತದೆ’ ಅಂತ ನೇತುಹಾಕಿ ಬಂದಿದ್ದೀಯಲ್ಲ! ಅದನ್ನು ಓದಿ ಯಾರಾದರೂ ಒಳಗೆ ಹೋಗ್ತಾರಾ?”

“ಭಾವ, ನಿಮಗಾದರೂ ಗೊತ್ತಾಗಲಿಲ್ವಾ?” ಅರ್ಧಕಿವಿ ಅಡ್ಡಗೋಡೆಯತ್ತ ತಿರುಗಿದ.

“ನಾನು ಕೆತ್ತೋನು. ಓದೋನಲ್ಲ” ಎಂದ ಭಾವ, ಯಂತ್ರ ನಿಲ್ಲಿಸದೆ.

ಆ ಮಧ್ಯಾಹ್ನ ಅರ್ಧಕಿವಿ ಜೀವನದಲ್ಲಿ ಮೊದಲ ಬಾರಿಗೆ ಒಂದು ವಿವರಣೆಯನ್ನು ಕೊನೆಯವರೆಗೆ ಓದಿದ. ‘2’ ಎಂದರೆ ಸ್ಪ್ಲಿಟ್ ಎರಡು ತುಂಡು ಕೈಗಿಟ್ಟು, ಎರಡನೇ ಅಲ್ಪವಿರಾಮದ ಆಚೆಗಿನದ್ದನ್ನೆಲ್ಲ ಸದ್ದಿಲ್ಲದೆ ಎಸೆದುಬಿಡುತ್ತದೆ. ತಪ್ಪು ಎಂದು ಕೂಗುವುದಿಲ್ಲ, ಕೆಮ್ಮುವುದೂ ಇಲ್ಲ. ಅವನು ‘2’ ಅನ್ನು ತೆಗೆದ. ಎಲ್ಲ ತುಂಡುಗಳೂ ಬರಲಿ, ಮೊದಲನೆಯದನ್ನು ಬೇರೆ ಇಟ್ಟು ಮಿಕ್ಕವನ್ನು ಮತ್ತೆ ಅಲ್ಪವಿರಾಮ ಹಾಕಿ ಜೋಡಿಸು ಎಂದು ಬರೆದ. ಈ ಸಲ ಫಲಕದಲ್ಲಿ ಮಾತು ಪೂರ್ತಿ ಬಂತು.

ಹೊಸ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೈಗುಳಕ್ಕೆ ಸಿದ್ಧನಾಗಿ ಹೊರಟ. ದವಾಖಾನೆಯ ಬೆಂಚಿನಲ್ಲಿ ಕೂರಲು ಜಾಗವಿರಲಿಲ್ಲ. ಕೆನ್ನೆ ಹಿಡಿದುಕೊಂಡವರು ಮೆಟ್ಟಿಲ ಮೇಲೂ ಕೂತಿದ್ದರು.

“ಡಾಕ್ಟ್ರೇ, ಫಲಕದಲ್ಲಿ ತಪ್ಪಾಗಿದೆ. ಸರಿಯಾದ್ದು ತಂದಿದ್ದೀನಿ.”

“ಯಾರ್ರೀ ಹೇಳಿದ್ದು ತಪ್ಪು ಅಂತ?” ಡಾಕ್ಟರಮ್ಮ ಕೈಗವಸು ಕಳಚಿ ಹೊರಬಂದರು. “ಇಷ್ಟು ವರ್ಷ ಭಯ ಬೇಡ, ಭಯ ಬೇಡ ಅಂತ ಬರೆಸಿದೆ. ಜನ ‘ಭಯ’ ಅನ್ನೋದನ್ನು ಮಾತ್ರ ಓದಿ ಮನೆಗೆ ಹೋಗ್ತಿದ್ದರು. ಈಗ ನೋಡಿ.”

ಬೆಂಚಿನ ತುದಿಯಲ್ಲಿದ್ದ ಅಜ್ಜ ಬಾಯಿಯ ಒಂದೇ ಬದಿಯಿಂದ ಮಾತಾಡಿದ: “ನೋವೇ ಆಗಲ್ಲ ಅಂದೋರೆಲ್ಲ ನನ್ನ ಜೀವ ತಿಂದಿದ್ದಾರಪ್ಪ. ಈಯಮ್ಮ ಬಾಗಿಲಲ್ಲೇ ನಿಜ ಹೇಳಿದ್ದಾರೆ. ಅದಕ್ಕೇ ಬಂದೆ.”

ಅರ್ಧಕಿವಿ ಸರಿಯಾದ ಫಲಕವನ್ನು ಹಾಗೇ ವಾಪಸು ತಂದ.

ಅಂಗಡಿಯಲ್ಲಿ ಬೆಳಿಗ್ಗೆಯ ಅಪರಾಧ ಸಂಜೆಗೆ ಪ್ರತಿಭೆಯಾಯಿತು. “ಆ ಮಾತು ನಮ್ಮ ತಮ್ಮನದೇ” ಎಂದು ಅಕ್ಕ ಬಂದವರಿಗೆಲ್ಲ ಹೇಳತೊಡಗಿದಳು. ಅರ್ಧಕಿವಿಗೂ ತಾನೊಬ್ಬ ಬರಹಗಾರ ಎಂಬ ಅನುಮಾನ ಬರಲು ತಡವಾಗಲಿಲ್ಲ. ನಿಜ ಹೇಳಿದರೆ ಜನ ಬರುತ್ತಾರೆ, ಗೊತ್ತಾಯ್ತು, ಎಂದುಕೊಂಡ. ಎದುರಿನ ದರ್ಜಿ ತನಗೂ ಅಂಥದ್ದೊಂದು ಬೇಕು ಎಂದಾಗ, ಒಂದಿಡೀ ದಿನ ಯೋಚಿಸಿ ಬರೆದುಕೊಟ್ಟ: ‘ಚೆನ್ನಾಗಿ ಹೊಲಿಯುತ್ತೇವೆ, ಹೇಳಿದ ದಿನ ಕೊಡುವುದಿಲ್ಲ.’

ದರ್ಜಿ ಓದಿದ. ಮತ್ತೆ ಓದಿದ.

“ಇದನ್ನು ನಿನಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ. ನನ್ನ ಅಂಗಿ ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ.”

ಆ ಅಂಗಿ ಮರುದಿನವೇ ಹೊಲಿದು ಬಂತು. ಫಲಕದ ಕೆಲಸ ಮಾತ್ರ ಬೇರೆ ಅಂಗಡಿಗೆ ಹೋಯಿತು. ವಕೀಲರಿಗೆಂದು ಅವನು ಬರೆದಿಟ್ಟ ಹೊಸ ಸಾಲನ್ನು ಅಕ್ಕ ಅವರಿಗೆ ತೋರಿಸದೆಯೇ ಹರಿದುಹಾಕಿದಳು.

“ನಿನ್ನ ಸ್ವಂತ ಬುದ್ಧಿ ಬೇಡ ಮಾರಾಯ, ಆ ಹಳೇ ತಪ್ಪನ್ನೇ ವಾಪಸು ಹಾಕು” ಎಂದಳು ಕೊನೆಗೆ. “ಅದು ನಿನಗಿಂತ ಚೆನ್ನಾಗಿ ಬರೀತಿತ್ತು.”

ಅವನು ಅಕ್ಕನ ಮಾತು ಮುಗಿಯುವವರೆಗೂ ನಿಂತು ಕೇಳಿದ. ಆಮೇಲೆ, ಆಗಲ್ಲ ಎಂದ. ಅಪ್ಪಿತಪ್ಪಿ ಒಬ್ಬರಿಗೆ ಒಳ್ಳೆಯದಾಯಿತೆಂದು ಎಲ್ಲರ ಮಾತನ್ನೂ ಅರ್ಧಕ್ಕೆ ಕತ್ತರಿಸಲು ತನಗೆ ಮನಸ್ಸಿಲ್ಲ ಎಂದೂ ಸೇರಿಸಿದ. ಅಡ್ಡಗೋಡೆಯ ಆಚೆ ಯಂತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಈಗ ಅಂಗಡಿಗೆ ಗಿರಾಕಿಗಳು ಮೊದಲಿನಷ್ಟೇ. ಯಾರು ಎಷ್ಟು ಅಲ್ಪವಿರಾಮ ಹಾಕಿದರೂ ಅವರ ಮಾತು ಪೂರ್ತಿ ಕೆತ್ತಿಕೊಂಡು ಬರುತ್ತದೆ, ಅದಕ್ಕಾಗಿ ಯಾರೂ ಅವನನ್ನು ಹೊಗಳುವುದಿಲ್ಲ. ಡಾಕ್ಟರಮ್ಮ ಇನ್ನೊಂದು ದವಾಖಾನೆ ತೆರೆದು, ಅಲ್ಲಿಗೂ ಆ ಎರಡೇ ಸಾಲು ಕೆತ್ತಿಸಿಕೊಂಡರು. ಭಯ ಬೇಡ ಎಂದ ಹಿತ್ತಾಳೆಯ ಫಲಕ ಭಾವನ ಯಂತ್ರದ ಅಲ್ಲಾಡುವ ಕಾಲಿನ ಕೆಳಗೆ ಆಸರೆಯಾಗಿ ಕೂತಿದೆ.