ಕತ್ತರಿ ನಿಂತ ಹೊತ್ತು

ಹಿಂದೊಮ್ಮೆ ಒಂದು ಯುದ್ಧ ಮುಗಿಯುವ ತನಕ ಸೂರ್ಯನೇ ನಡುಬಾನಿನಲ್ಲಿ ನಿಂತಿದ್ದನೆಂದು ಪಾದ್ರಿಗಳು ಹೇಳುತ್ತಾರೆ. ನಿಂತಿರಬಹುದು. ಆದರೆ ಅದು ಒಂದೇ ಸಲ. ನಮ್ಮ ಟೈಲರಮ್ಮನ ಕತ್ತರಿ ದಿನವೂ ನಿಲ್ಲುತ್ತಿತ್ತು. ಬಟ್ಟೆ ಮೇಜಿನ ಮೇಲೆ ಹರಡಿರುತ್ತದೆ, ಗೆರೆ ಬಿದ್ದಿರುತ್ತದೆ, ಕತ್ತರಿ ಬಾಯಿ ತೆರೆದು ಬಟ್ಟೆಯ ಅಂಚಿಗೆ ಬಂದಿರುತ್ತದೆ. ಅಷ್ಟರಲ್ಲಿ ಟೈಲರಮ್ಮ "ಅಪ್ಪಾ, ನೋಡಿಕೋ" ಎಂದು ಕಣ್ಣು ಮುಚ್ಚುತ್ತಾಳೆ. ಆಮೇಲೆ ಜಗತ್ತು ಕಾಯಬೇಕು.

ಆ ಕಾಯುವಿಕೆಯ ಬಗ್ಗೆ ಬೀದಿಯಲ್ಲಿ ಪುರಾಣಗಳೇ ಹುಟ್ಟಿದ್ದವು. ಅಗಲ ಕಾಲಿನ ಪ್ಯಾಂಟಿಗೆಂದು ಎತ್ತಿದ ಕತ್ತರಿ ಇಳಿಯುವಷ್ಟರಲ್ಲಿ ಅಗಲ ಕಾಲಿನ ಫ್ಯಾಷನ್ನೇ ಹೋಗಿತ್ತಂತೆ; ಇನ್ನೊಂದು ಗಳಿಗೆ ನಿಂತಿದ್ದರೆ ತಿರುಗಿ ಬರುತ್ತಿತ್ತಂತೆ. ಫ್ರಾಕಿಗೆ ಅಳತೆ ಕೊಟ್ಟ ಮಗು ಅದೇ ಬಟ್ಟೆಯಲ್ಲಿ ತನ್ನ ಮಗುವಿಗೆ ಫ್ರಾಕು ಹೊಲಿಸಿಕೊಂಡು ಹೋಯಿತಂತೆ. ಹೀಗೆ ಹೇಳಿದವರೆಲ್ಲ ಬಟ್ಟೆ ಕೊಡುತ್ತಿದ್ದುದು ಮಾತ್ರ ಅವಳಿಗೇ.

"ಅಷ್ಟು ಹೊತ್ತು ಏನು ಬೇಡ್ಕೋತೀರಿ ಅತ್ತೆ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಬೇಡ್ಕೊಳ್ಳೋದು ಒಂದೇ ಮಾತು. ಮಿಕ್ಕಿದ್ದು ಕೇಳಿಸ್ಕೊಳ್ಳೋದು. ನೀನು ಫೋನ್ ಮಾಡಿ, ನಿಂದೆಲ್ಲ ಒದರಿ, ಆ ಕಡೆಯವರು ಬಾಯಿ ತೆಗೆಯೋ ಮೊದಲೇ ಇಟ್ಟುಬಿಟ್ರೆ ಅದು ಮಾತುಕತೆ ಆಯ್ತಾ?"

ಸೊಸೆ ತಲೆಯಾಡಿಸಿದಳು. ಅವಳ ಪ್ರಾರ್ಥನೆಗಳೆಲ್ಲ ಆ ಜಾತಿಯವೇ. ಭಾನುವಾರ ಒಂದು ಉದ್ದದ್ದು, ವಾರದ ದಿನಗಳಲ್ಲಿ ಬಸ್ಸು ಬರಲಿ, ಹಾಲು ಉಕ್ಕದಿರಲಿ ಎಂಬಂಥ ಚಿಲ್ಲರೆ. ಉತ್ತರಕ್ಕೆ ಕಾದವಳಲ್ಲ. ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ.

ಆದ್ದರಿಂದ ಅವಳೊಂದು ಉಪಾಯ ಕಂಡುಹಿಡಿದಿದ್ದಳು. ಹುಟ್ಟಿದಾಗಿನಿಂದ ಚರ್ಚಿನಲ್ಲಿ ಕೂತ ನಾಲಿಗೆಗೆ ಒಂದು ಗುಣವಿದೆ: ಯಾರೇ "ಆಮೆನ್" ಅನ್ನಲಿ, ಅದೂ ತನಗೆ ತಾನೇ "ಆಮೆನ್" ಅನ್ನುತ್ತದೆ. ಮೌನ ತೀರಾ ಉದ್ದವಾದಾಗ ಸೊಸೆ ಯಂತ್ರದ ಹಿಂದಿನಿಂದ ಭಕ್ತಿಯಿಂದ "ಆಮೆನ್" ಅನ್ನುತ್ತಿದ್ದಳು. "ಆಮೆನ್" ಎಂದು ಅತ್ತೆಯ ನಾಲಿಗೆ. ಕಚ್ ಎಂದು ಕತ್ತರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಸುಳ್ಳಲ್ಲ. ಸೊಸೆಯ ಕಾಲ ಆ ಒಂದು ಶಬ್ದದಲ್ಲಿತ್ತು.

ಆ ಗುರುವಾರ ಮಧ್ಯಾಹ್ನ ಮೇಜಿನ ಮೇಲೆ ಮದುವೆಯ ಗೌನೊಂದು ಮಲಗಿತ್ತು. ಮದುಮಗಳ ತಾಯಿಯದು. ತಾಯಿ ತೀರಿಕೊಂಡು ಎರಡು ವರ್ಷ. ತಾಯಿಯದು ತುಂಬಿದ ಮೈ, ಮಗಳು ಒಣಕಲು ಕಡ್ಡಿ. ಗೌನಿನ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅಗಲ ತೆಗೆದು, ಮಗಳ ಮೈಗೆ ಹೊಂದಿಸಬೇಕಿತ್ತು. ಶನಿವಾರ ಮದುವೆ. ಆ ಬಗೆಯ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ, ಸಿಕ್ಕರೂ ಅಷ್ಟು ವರ್ಷ ಪೆಟ್ಟಿಗೆಯಲ್ಲಿದ್ದು ಕೆನೆಬಣ್ಣಕ್ಕೆ ತಿರುಗಿದ್ದರ ಪಕ್ಕದಲ್ಲಿ ಹೊಸದು ತೇಪೆಯಂತೆ ಕಾಣುತ್ತದೆ. ಕತ್ತರಿ ಒಂದೆಳೆ ಅತ್ತ ಸರಿದರೂ ಮುಗಿಯಿತು.

"ಇವತ್ತು ಗೆರೆ ನಾನೇ ಹಾಕ್ತೀನಿ ಅತ್ತೆ" ಎಂದು ಸೊಸೆ ಬೆಳಿಗ್ಗೆಯೇ ಹಟ ಹಿಡಿದಿದ್ದಳು. ಟೈಲರಮ್ಮ ಅಪರೂಪಕ್ಕೆ ಒಪ್ಪಿದಳು. ಕನ್ನಡಕ ಎಲ್ಲೋ ಕಳೆದುಕೊಂಡು ಬೆಳಗಿನಿಂದ ಡಬ್ಬಿ ಡಬ್ಬಿ ತಡಕುತ್ತಿದ್ದುದರಿಂದ ಒಪ್ಪಿದಳೆಂದು ಸೊಸೆಗೆ ಹೊಳೆಯಲಿಲ್ಲ; ತನ್ನ ಕೈಚಳಕಕ್ಕೆ ಕೊನೆಗೂ ಮನ್ನಣೆ ಸಿಕ್ಕಿತೆಂದು ಬೀಗಿದಳು. ನೀಲಿ ಚಾಕಿನಿಂದ ಮದುಮಗಳ ಮೈಯಳತೆಯ ಗೆರೆಯನ್ನು ನುಣ್ಣಗೆ ಎಳೆದಳು. ಅಷ್ಟರಲ್ಲಿ ಮದುಮಗಳ ಚಿಕ್ಕಮ್ಮ ಬಿರುಗಾಳಿಯ ಹಾಗೆ ಒಳಬಂದಳು. ಹಿಂದೆಯೇ ಮದುಮಗಳು, ನೆರಳಿನ ಹಾಗೆ.

"ಇನ್ನೂ ಕತ್ತರಿಸೇ ಇಲ್ವಾ! ನನಗೆ ಗೊತ್ತಿತ್ತು ಕಣೇ. ಬಾಡಿಗೆ ಗೌನು ತರೋಣ ಅಂದೆ, ಕೇಳಿದ್ಯಾ? ನನ್ನ ಕಣ್ಣ ಮುಂದೆ ಕತ್ತರಿ ಆಡೋ ತನಕ ನಾನು ಇಲ್ಲಿಂದ ಏಳಲ್ಲ" ಎಂದು ಚಿಕ್ಕಮ್ಮ ಇದ್ದ ಒಂದೇ ಕುರ್ಚಿಯನ್ನು ಆಕ್ರಮಿಸಿದಳು.

"ಗೆರೆ ಎಲ್ಲ ನಾನೇ ಹಾಕಿದೀನಿ ಆಂಟಿ. ಕಣ್ಣು ಮುಚ್ಕೊಂಡು ಕತ್ತರಿಸಬಹುದು" ಎಂದಳು ಸೊಸೆ.

ಟೈಲರಮ್ಮ ಕತ್ತರಿ ಎತ್ತಿದಳು. "ಅಪ್ಪಾ, ನೋಡಿಕೋ" ಎಂದಳು. ಕಣ್ಣು ಮುಚ್ಚಿದಳು.

ಕತ್ತರಿ ನಿಂತಿತು.

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಹೋಯಿತು. ಚಿಕ್ಕಮ್ಮನ ಕಾಲು ನೆಲ ಬಡಿಯತೊಡಗಿತು. ಟೈಲರಮ್ಮ ಕಣ್ಣು ತೆರೆದು, ಹುಬ್ಬು ಗಂಟಿಕ್ಕಿ ಬಟ್ಟೆ ನೋಡಿ, ಮತ್ತೆ ಮುಚ್ಚಿದಳು.

"ಏನಾಯ್ತೀಗ?" ಎಂದಳು ಚಿಕ್ಕಮ್ಮ.

"ಶ್! ಅತ್ತೆ ಕೇಳಿಸ್ಕೋತಿದಾರೆ" ಎಂದಳು ಸೊಸೆ.

"ಯಾರದ್ದು?"

ಸೊಸೆ ಮೇಲಕ್ಕೆ ಬೆರಳು ತೋರಿಸಿದಳು.

"ಮಹಡಿ ಮನೆಯವರದ್ದಾ?"

"ಇನ್ನೂ ಮೇಲೆ."

ಚಿಕ್ಕಮ್ಮ ಬಾಯಿ ಮುಚ್ಚಿದಳು. ಅವಳೂ ಚರ್ಚಿನವಳೇ; ಅಲ್ಲಿಯವರ ಮಾತಿಗೆ ಅಡ್ಡ ಬರುವುದು ಹೇಗೆ? ಸೊಸೆಗೆ ಮೈಮೇಲೆ ಇರುವೆ ಹರಿಯತೊಡಗಿತು. ಎರಡು ದಿನದ ಹೊಲಿಗೆ ಬಾಕಿಯಿದೆ. ಆಮೆನ್ ಅನ್ನುವ ಹೊತ್ತು ಬಂದಿತ್ತು. ನಾಲಿಗೆಯನ್ನು ಸಜ್ಜು ಮಾಡಿಕೊಂಡು, ಹೆಮ್ಮೆಯಿಂದ ತನ್ನ ನೀಲಿ ಗೆರೆಯನ್ನು ಕೊನೆಯ ಸಲ ನೋಡಿದಳು.

ಒಂದೇ ಗೆರೆ.

ಆ ಅಂಗಡಿಯಲ್ಲಿ ಯಾವಾಗಲೂ ಎರಡು ಗೆರೆ. ಒಳಗಿನದು ಮೈಯಳತೆ, ಹೊರಗಿನದು ಮಾರ್ಜಿನ್, ಅಂದರೆ ಹೊಲಿಗೆಯ ಒಳಗೆ ಮಡಚಿಕೊಳ್ಳಲು ಬಿಡುವ ಬಟ್ಟೆ. ಕತ್ತರಿಸುವುದು ಹೊರಗಿನ ಗೆರೆಯ ಮೇಲೆ. ಬಿರುಗಾಳಿ ಒಳಬಂದಾಗ ಹೊರಗಿನ ಗೆರೆ ಹಾಕುವುದೇ ಮರೆತಿತ್ತು. ಕತ್ತರಿ ಈಗ ಮೈಯಳತೆಯ ಗೆರೆಯ ಮೇಲೆಯೇ ಬಾಯಿ ತೆರೆದು ನಿಂತಿದೆ. ಇಳಿದರೆ, ಹೊಲಿದ ಮೇಲೆ ಆ ಗೌನಿನೊಳಗೆ ಕಡ್ಡಿಯಂಥ ಮಗಳೂ ಹಿಡಿಯುವುದಿಲ್ಲ.

ಹೇಳಬೇಕು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಗೌನು ಹೋಗುತ್ತದೆ. ಕಣ್ಣು ಮುಚ್ಚಿಕೊಂಡು ಕತ್ತರಿಸಬಹುದು ಎಂದು ಕೊಚ್ಚಿಕೊಂಡ ಬಾಯಿ ಈಗ ಅಂಟು ಹಾಕಿದಂತೆ ಕೂತಿತ್ತು. ಮದುಮಗಳು ಗೌನಿನ ತೋಳಿನ ತುದಿಯನ್ನು ಮೆಲ್ಲಗೆ ಹಿಡಿದು ನಿಂತಿದ್ದಳು, ದಾರಿ ದಾಟುವಾಗ ಮಕ್ಕಳು ಅಮ್ಮನ ಕೈ ಹಿಡಿಯುವ ಹಾಗೆ.

ಸೊಸೆ ಬದುಕಿನಲ್ಲಿ ಮೊದಲ ಸಲ ವಾರದ ನಡುವೆ ನಿಜವಾಗಿ ಪ್ರಾರ್ಥಿಸಿದಳು. 'ದೇವರೇ, ಹೇಗೂ ಅತ್ತೆ ಜೊತೆ ಮಾತಾಡ್ತಾ ಇದೀಯ. ಗೆರೆ ವಿಷಯ ನೀನೇ ಹೇಳಿಬಿಡು. ನನ್ನ ಹೆಸರು ಎತ್ತಬೇಡ.'

ಫೋನ್ ಇಡುವ ಹಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಕಾದಳು. ಬೆಳಕು ಮೂಡಲಿಲ್ಲ, ಗೋಡೆ ನಡುಗಲಿಲ್ಲ. ಎದೆಯ ಬಡಿತದ ಕೆಳಗೆಲ್ಲೋ, ಬೇಡವೆಂದರೂ ಬಿಡದೆ, ಒಂದು ಮಾತು ಬಂದು ಕೂತಿತು: 'ನಿನಗೆ ಬಾಯಿಲ್ವಾ?'

ಇದೇನು, ದೇವರೂ ಅತ್ತೆಯ ಹಾಗೆಯೇ ಮಾತಾಡುವುದಾ! ಸೊಸೆ ಇನ್ನೊಂದು ಸಲ ಕೇಳಿ ನೋಡಿದಳು. ಅದೇ ಉತ್ತರ. ಹೇಳ್ತೀನಿ, ಇನ್ನೊಂದು ಕ್ಷಣ, ಒಂದೇ ಒಂದು ಕ್ಷಣ ಎಂದುಕೊಂಡಳು.

ಅಷ್ಟರಲ್ಲಿ ಚಿಕ್ಕಮ್ಮನ ತಾಳ್ಮೆ ತಪ್ಪಿತು. ಕುರ್ಚಿಯಿಂದ ಅರ್ಧ ಎದ್ದು, ಚರ್ಚಿನ ಕೊನೆಯ ಬೆಂಚಿಗೂ ಮುಟ್ಟುವಂಥ ಗಂಟಲಲ್ಲಿ, "ಆಮೆನ್!" ಅಂದಳು.

"ಆಮೆನ್" ಎಂದಿತು ಟೈಲರಮ್ಮನ ನಾಲಿಗೆ.

ಕತ್ತರಿ ಇಳಿಯಿತು.

"ಬೇಡ!" ಸೊಸೆ ಮೇಜಿನ ಮೇಲೆ ಬಿದ್ದು ಕೈಯನ್ನು ಗೆರೆಗೆ ಅಡ್ಡ ಇಟ್ಟಳು. ಕತ್ತರಿ ಕಚ್ ಅಂದಿತು. ಸೊಸೆ ಕಣ್ಣು ಮುಚ್ಚಿದಳು. ತೆರೆದಾಗ ಬೆರಳುಗಳೆಲ್ಲ ಇದ್ದವು. ಕತ್ತರಿಯ ಬಾಯಲ್ಲಿ ಅವಳ ರವಿಕೆಯ ತೋಳಿನ ಅಂಚು ಸಿಕ್ಕಿಕೊಂಡಿತ್ತು. ಗೌನಿಗೆ ಏನೂ ಆಗಿರಲಿಲ್ಲ.

"ಹುಚ್ಚಾ ನಿನಗೆ? ಕೈ ಕೊಡ್ತಾರಾ ಕತ್ತರಿಗೆ!" ಟೈಲರಮ್ಮ ಕತ್ತರಿಯನ್ನು ಬದಿಗಿಟ್ಟಳು.

"ಒಂದೇ ಗೆರೆ ಇದೆ ಅತ್ತೆ. ಮಾರ್ಜಿನ್ ಹಾಕಿಲ್ಲ. ನಂದೇ ತಪ್ಪು. ಮೊದಲೇ ಗೊತ್ತಾಯ್ತು, ಹೇಳೋಕೆ ಬಾಯಿ ಬರ್ಲಿಲ್ಲ" ಎಂದು ಸೊಸೆ ಒಂದೇ ಉಸಿರಿಗೆ ಕಕ್ಕಿದಳು.

ಚಿಕ್ಕಮ್ಮ ಏನೋ ಹೇಳಲು ಹೊರಟು, ಆಮೆನ್ ಅಂದವರು ಯಾರೆಂದು ನೆನಪಾಗಿ ಕುರ್ಚಿಗೆ ಮರಳಿದಳು. ಮದುಮಗಳು ಗೌನಿನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

ಟೈಲರಮ್ಮ ಸೊಸೆಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬೈಯುತ್ತಾಳೆಂದು ಸೊಸೆ ತಲೆ ತಗ್ಗಿಸಿದಳು. ಟೈಲರಮ್ಮ ಚಾಕನ್ನು ಎತ್ತಿ ಅದೇ ಕೈಗಿಟ್ಟಳು. "ಹೊರಗಿನ ಗೆರೆ ಹಾಕು. ನಿಧಾನ."

ಸೊಸೆ ಗೆರೆ ಎಳೆದಳು. ಗೆರೆ ನೆಟ್ಟಗೆ ಬಂತು. ಮತ್ತೆ ಕತ್ತರಿ ಎದ್ದಿತು, ಮತ್ತೆ ನಿಂತಿತು. ಈ ಸಲ ಯಾರೂ ಆಮೆನ್ ಅನ್ನಲಿಲ್ಲ. ಸೊಸೆಯಂತೂ ಇನ್ನೂ ಸ್ವಲ್ಪ ಹೊತ್ತು ನಿಂತರೂ ಪರವಾಗಿಲ್ಲ ಅನ್ನುವಂತೆ ಕಣ್ಣು ಮುಚ್ಚಿದ್ದಳು. ಕೊನೆಗೆ ತಾನಾಗಿಯೇ ಇಳಿದ ಕತ್ತರಿ ಹೊರಗಿನ ಗೆರೆಯುದ್ದಕ್ಕೂ, ಸೊಸೆಯ ಬೆರಳು ತೋರಿಸಿದ ದಾರಿಯಲ್ಲಿ, ಮೆತ್ತಗೆ ನಡೆದುಹೋಯಿತು.

ಇಷ್ಟು ಹೊತ್ತೂ ತುಟಿ ಬಿಚ್ಚದಿದ್ದ ಮದುಮಗಳು ಆಗ ಬಾಯಿಬಿಟ್ಟಳು. ಕಣ್ಣು ತುಂಬಿತ್ತು. ದೊಡ್ಡದೇನನ್ನೋ ಕೇಳುವವಳ ಹಾಗೆ ಪಿಸುಗುಟ್ಟಿದಳು: "ದೊಡ್ಡಮ್ಮ, ಮೊದಲನೇ ಸಲ ಅಷ್ಟು ಹೊತ್ತು ಸುಮ್ಮನೆ ನಿಂತಿದ್ರಲ್ಲ, ದೇವರು ನಿಮಗೆ ಏನು ಹೇಳ್ತಿದ್ರು?"

"ಕನ್ನಡಕ ಹಾಕ್ಕೋ ಅಂತಿದ್ರು ಮಗಳೇ" ಎಂದಳು ಟೈಲರಮ್ಮ. "ಎಲ್ಲಿದೆ ಅಂತ ಮಾತ್ರ ಹೇಳ್ಲಿಲ್ಲ."