ಎಲೆತೋಟದಲ್ಲಿ ಕಳೆದ ಹಸಿರು ತಾಟು

ಕಳೆದ ಭಾನುವಾರ ನನ್ನ ಪೆನ್ನಿನ ಟೋಪಿ ಕಳೆಯಿತು. ಪೆನ್ನೇ ಕಳೆದಿದ್ದರೆ ಅಷ್ಟು ಕಷ್ಟವಿರಲಿಲ್ಲ. ಹೋಯಿತು ಎಂದು ಕೈ ಝಾಡಿಸಿ ಹೊಸದು ತರಬಹುದಿತ್ತು. ಟೋಪಿ ಮಾತ್ರ ಹೋದರೆ ಉಳಿದ ಪೆನ್ನು ಮೇಜಿನ ಮೇಲೆ ಬೋಳುತಲೆಯಲ್ಲಿ ಮಲಗಿ ದಿನವಿಡೀ ನಮ್ಮನ್ನೇ ನೋಡುತ್ತಿರುತ್ತದೆ. ಹಂಸಭಾವಿಯ ಈ ಬಾಡಿಗೆ ಮನೆಯಲ್ಲಿ ಇರುವುದು ಎರಡೇ ಖೋಲಿ. ಎರಡನ್ನೂ ಮನಸ್ಸಿನಲ್ಲಿ ಚೌಕಗಳಾಗಿ ಭಾಗಿಸಿ, ಬಾಗಿಲ ಕಡೆಯಿಂದ ಶುರುಮಾಡಿ, ಒಂದೊಂದನ್ನೇ ಮುಗಿಸುತ್ತ ಬಂದೆ. ಹಾಸಿಗೆ ಕೊಡವಿದೆ. ಟ್ರಂಕು ಸರಿಸಿದೆ. ಜೋಳದ ಡಬ್ಬಿಯೊಳಗೆ ಮೊಣಕೈತನಕ ಕೈ ಹಾಕಿದಾಗ ಹೆಂಡತಿಯ ಸಹನೆ ಮುಗಿಯಿತು.

“ಟೋಪಿ ಕಳದದ್ದು ಪೆನ್ನಿಂದು, ತಲಿ ಕೆಟ್ಟದ್ದು ನಿಮ್ಮದು,” ಎಂದಳು. “ಎಷ್ಟೊತ್ತಂತ ಹುಡುಕ್ತೀರಿ? ಅದಕ್ಕೊಂದು ಲೆಕ್ಕ ಬ್ಯಾಡೇನು?”

ಲೆಕ್ಕದ ಮಾತು ತಾಗಬೇಕಾದ ಕಡೆಗೇ ತಾಗಿತು. ಮಳೆ ಬಿದ್ದ ದಿನ, ಹಿರೇಕೆರೂರಿನ ಬಸ್ಸು ಕೈಕೊಟ್ಟ ದಿನ, ಹಾಲು ಒಡೆದ ದಿನ, ಎಲ್ಲವನ್ನೂ ನಾನು ದಿನಚರಿಯಲ್ಲಿ ಬರೆದಿಡುತ್ತೇನೆ. ಆದರೆ ಕಳೆದದ್ದನ್ನು ಎಷ್ಟು ಹೊತ್ತು ಹುಡುಕಬೇಕೆಂಬುದಕ್ಕೆ ನನ್ನಲ್ಲಿ ಲೆಕ್ಕವಿರಲಿಲ್ಲ. ಎದ್ದು ಹಿತ್ತಲಿಗೆ ಬಂದೆ. ಅವಳು ಆಗತಾನೆ ಬಚ್ಚಲ ನೀರನ್ನು ಕನಕಾಂಬರದ ಮಡಿಗೆ ತಿರುಗಿಸಿದ್ದಳು. ಒಣಮಣ್ಣು ಮೊದಲ ಗುಟುಕು ನೀರು ಕುಡಿದಾಗ ಏಳುವ ವಾಸನೆ ನಿಮಗೂ ಗೊತ್ತಿದೆ. ಅದು ಮೂಗಿಗೆ ಬಂದದ್ದೇ ತಡ, ನಾನು ಹಂಸಭಾವಿಯಲ್ಲಿರಲಿಲ್ಲ. ಸವಣೂರಿನ ಒಂದು ವೀಳ್ಯದೆಲೆ ತೋಟದ ಬದುವಿನ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ.

ಅದು ಎಪ್ಪತ್ತೆಂಟನೆಯ ಇಸವಿ. ನಾನು ಸವಣೂರಿನಲ್ಲಿ ಪಿಯುಸಿ ಓದುತ್ತಿದ್ದೆ. ನಮ್ಮೂರು ದುಂಡಸಿ. ದಿನವೂ ಶಿಗ್ಗಾಂವಿಗೆ ಬಂದು ಅಲ್ಲಿ ಬಸ್ಸು ಬದಲಿಸುವುದು ಆಗದ ಮಾತೆಂದು ಅಪ್ಪ ಸವಣೂರಿನಲ್ಲೇ ಒಂದು ಖೋಲಿ ಹಿಡಿದುಕೊಟ್ಟಿದ್ದರು. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ನನ್ನ ಸಹಪಾಠಿ ದಸ್ತಗೀರನದು. ಅವನು ನನ್ನನ್ನು ಕರೆಯುತ್ತಿದ್ದದ್ದು ‘ಲೆಕ್ಕಮಾಸ್ತರ’ ಎಂದು. ಆ ಹೆಸರಿನಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂಬ ಲೆಕ್ಕ ಮಾತ್ರ ನನಗೆ ಇಂದಿಗೂ ಹತ್ತಿಲ್ಲ.

ಆ ವರ್ಷ ದಸ್ತಗೀರನ ಅಕ್ಕ ಜುಬೇದಾ ಮುಂಬಯಿಯಿಂದ ತವರಿಗೆ ಬಂದು ಎರಡು ತಿಂಗಳಿದ್ದಳು. ಜೊತೆಗೆ ನಾಲ್ಕು ವರ್ಷದ ಮಗಳು ಮುನ್ನಿ. ಮುನ್ನಿಯ ಅಪ್ಪ ಅಲ್ಲಿ ಪ್ಲಾಸ್ಟಿಕ್ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಹೊರಡುವಾಗ ಮಗಳ ಕೈಗೆ ಅವನೊಂದು ಹಸಿರು ತಾಟು ಕೊಟ್ಟಿದ್ದ. ನಿಜಕ್ಕೂ ಅದು ಉಣ್ಣುವ ತಾಟಲ್ಲ, ಬೀಸಿ ಒಗೆದರೆ ಗಾಳಿಯಲ್ಲಿ ತೇಲಿಹೋಗುವ ಆಟದ ಸಾಮಾನು. ಆದರೆ ಮುನ್ನಿ ಅದನ್ನು ಅಂಗಾತ ಇಟ್ಟು, ಅದರಲ್ಲೇ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಸ್ಟೀಲಿನ ತಟ್ಟೆ ಇಟ್ಟರೆ ಬಾಯಿ ಬಿಗಿಹಿಡಿದು ಗೋಡೆಗೆ ಮುಖಮಾಡಿ ಕೂರುವಳು. ‘ಅಬ್ಬಾನ ತಾಟು’ ಬಂದರಷ್ಟೇ ಬಾಯಿ ತೆರೆಯುವುದು.

ಅವಳು ಉಂಡು ಮಲಗಿದ ಮೇಲೆ ತಾಟು ನಮ್ಮ ಪಾಲಿಗೆ. ಜುಬೇದಾಳ ಒಪ್ಪಿಗೆ ಇತ್ತು, ಮುನ್ನಿ ಏಳುವುದರೊಳಗೆ ತೊಳೆದು ತಂದಿಡಬೇಕೆಂಬುದೊಂದೇ ಕರಾರು. ಊರ ಹೊರಗಿನ ಬಯಲಿನಲ್ಲಿ ಬೇವಿನ ಮರದಿಂದ ಹುಣಸೆ ಮರಕ್ಕೆ, ಅಲ್ಲಿಂದ ಎಲೆತೋಟದ ಬೇಲಿಯ ಜಾಲಿಗೆ, ಯಾರು ಕಡಿಮೆ ಎಸೆತದಲ್ಲಿ ತಾಟು ತಾಗಿಸುತ್ತಾರೋ ಅವರು ಗೆದ್ದಂತೆ. ಸವಣೂರಿಗೆ ಬಂದವರೆಲ್ಲ ಕೈಗೆ ಕೈ ಹಿಡಿದು ಅಳೆದು ನೋಡುವ ಆ ದೊಡ್ಡಹುಣಸೆ ಮರಗಳ ತಂಟೆಗೆ ನಾವು ಹೋಗುತ್ತಿರಲಿಲ್ಲ. ಅಷ್ಟು ದಪ್ಪ ಮರಕ್ಕೆ ತಾಗಿಸುವುದರಲ್ಲಿ ಯಾವ ಸಾಹಸ?

ಆಟವಿದ್ದ ಮೇಲೆ ನಿಯಮ ಬೇಕಲ್ಲ? ಬರೆದವನು ನಾನೇ. ತಾಟು ಕಾಣೆಯಾದರೆ, ಎದುರಾಳಿ ಒಂದು ಮುಷ್ಟಿ ಹುರಿದ ಶೇಂಗಾ ತಿಂದು ಮುಗಿಸುವತನಕ ಹುಡುಕಬೇಕು. ಅಷ್ಟರಲ್ಲಿ ಸಿಗದಿದ್ದರೆ ಒಂದು ಎಸೆತದ ದಂಡ ಕೊಟ್ಟು ಹಿಂದಿನ ಜಾಗದಿಂದಲೇ ಮತ್ತೆ ಎಸೆಯಬೇಕು. ನಾನು ಹುಡುಕುವಾಗ ದಸ್ತಗೀರ ಶೇಂಗಾವನ್ನು ಸಿಪ್ಪೆಸಮೇತ ನುಂಗುತ್ತಿದ್ದ. ನಾನು ತಿನ್ನುವಾಗ, “ಸಾವಕಾಶ ತಿನ್ನೋ, ಹೊಟ್ಟಿ ನೋಯತೈತಿ,” ಎಂದು ಕಾಳಜಿ ತೋರಿಸುತ್ತಿದ್ದ. ಪುಣ್ಯಕ್ಕೆ ತಾಟು ಪ್ರತಿಸಲವೂ ಸಿಗುತ್ತಿತ್ತು. ಇದ್ದದ್ದೇ ಒಂದು ತಾಟು, ಅದು ಸಿಗದಿದ್ದರೆ ದಂಡ ಕೊಟ್ಟು ಮತ್ತೆ ಎಸೆಯುವುದಾದರೂ ಏನನ್ನು? ಇಷ್ಟು ಸಣ್ಣ ಪ್ರಶ್ನೆ ನಿಯಮ ಬರೆದ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಜುಬೇದಾ ಮುಂಬಯಿಗೆ ಹೊರಡುವ ದಿನ. ಸಂಜೆ ಟಾಂಗಾದಲ್ಲಿ ಯಲವಿಗಿ ಸ್ಟೇಷನ್ನಿಗೆ ಹೋಗಿ, ಅಲ್ಲಿ ಹುಬ್ಬಳ್ಳಿಯ ಗಾಡಿ ಹಿಡಿಯಬೇಕಿತ್ತು. ಮಧ್ಯಾಹ್ನ ಮುನ್ನಿ ಮಲಗಿದಾಗ ದಸ್ತಗೀರ ತಾಟು ಹಿಡಿದು ಬಂದ. “ಇದ ಕಡೀ ಆಟ, ಬಾರೋ.” ಹುಣಸೆ ಮರದಿಂದ ಅವನು ಮೈಯೆಲ್ಲ ತಿರುಗಿಸಿ ಒಗೆದ. ತಾಟು ಜಾಲಿಯ ನೆತ್ತಿ ದಾಟಿ, ಬೇಲಿ ದಾಟಿ, ಎಲೆತೋಟದೊಳಗೆ ಇಳಿಯಿತು. ಹಸಿರು ತಾಟು, ಹಸಿರು ತೋಟ!

ಎಲೆತೋಟದ ಒಳಹೊಕ್ಕವರಿಗೆ ಗೊತ್ತು, ಅದು ಹೊಲವಲ್ಲ, ಒಂದು ಮನೆ. ಆಸರೆಗೆಂದು ನೆಟ್ಟ ಚೊಗಚಿ ಗಿಡಗಳಿಗೆ ಹಬ್ಬಿದ ಬಳ್ಳಿಯ ಗೋಡೆಗಳ ನಡುವೆ ಹಸಿರು ಕತ್ತಲೆ. ಯಜಮಾನ ಹುಸೇನಸಾಬ ಬಾವಿಯ ಹತ್ತಿರ ನೀರು ಬಿಡುವ ತಯಾರಿಯಲ್ಲಿದ್ದ.

“ಚಪ್ಪಲಿ ಬಿಡ್ರಲೇ ಮೊದಲ!” ಎಂದು ಅಲ್ಲಿಂದಲೇ ಕೂಗಿದ. ವಿಷಯ ಕೇಳಿ ಹಣೆ ಚಚ್ಚಿಕೊಂಡ. “ಬಳ್ಳಿಗೆ ಕೈ ಹಚ್ಚಬ್ಯಾಡ್ರಿ. ಪಂಪು ಚಾಲೂ ಮಾಡಾಕತ್ತೇನಿ. ನೀರು ಸಾಲಿಗೆ ಮುಟ್ಟೋತನ ಹುಡಕ್ರಿ. ಹಸಿ ಸಾಲಿನ್ಯಾಗ ಒಂದು ಕಾಲು ಕಂಡ್ರೂ ಆ ಕಾಲು ನಂದು.”

ತೊಯ್ದ ಸಾಲು ತುಳಿದರೆ ಮಣ್ಣು ಗಟ್ಟಿಯಾಗಿ ಬೇರು ಕೊಳೆಯುತ್ತದೆ, ಆದ್ದರಿಂದ ನೀರು ಹೊಕ್ಕ ಸಾಲಿಗೆ ಯಾರೂ ಇಳಿಯುವಂತಿಲ್ಲ. ಶೇಂಗಾದ ಗಡುವು ಹೋಗಿ ನೀರಿನ ಗಡುವು ಬಂತು.

ನಾನು ನನ್ನ ಪದ್ಧತಿಯಂತೆ ಹೊರಟೆ. ದಸ್ತಗೀರನ ಎಸೆತಗಳೆಲ್ಲ ನನ್ನ ದಿನಚರಿಯಲ್ಲಿದ್ದವು, ಅವನ ತೋಳಿನ ಬಲ ನನಗೆ ತಿಳಿದಿತ್ತು. ಆದ್ದರಿಂದ ಬೇಲಿಯ ಪಕ್ಕದ ಸಾಲುಗಳಲ್ಲೇ ಹುಡುಕಬೇಕೆಂದು ತೀರ್ಮಾನ ಕೊಟ್ಟೆ. ಅವನು ಬಾವಿಯ ಕಡೆಗೆ ಓಡಹೊರಟರೆ ತಡೆದೆ. “ಅಲ್ಲಿಗೆ ನಿನ್ನ ಕೈಲೆ ಆಗೂದಿಲ್ಲೋ!”

“ನನ್ನ ಕೈ ನಿನ್ನ ಬುಕ್ಕಿನ್ಯಾಗ ಐತೇನು?” ಎಂದು ಅವನು ಹಲ್ಲು ಕಡಿದ. ಆದರೂ ನನ್ನ ಮಾತು ಕೇಳಿದ. ಪಾಪ, ಗಾಬರಿಯಾದವನಿಗೆ ಯಾರ ಲೆಕ್ಕವಾದರೂ ಆದೀತು.

ಅಷ್ಟರಲ್ಲಿ ಪಂಪಿನ ಸದ್ದು ಎದ್ದಿತು. ಮೇಲಿನ ಸಾಲುಗಳು ಒಂದೊಂದಾಗಿ ಕಪ್ಪಾಗುತ್ತ ಬಂದವು. ನಾನು ಬಗ್ಗಿ ಬಗ್ಗಿ ನೋಡಿದೆ, ಉದುರಿದ ಪ್ರತಿ ಎಲೆಯೂ ತಾಟಾಗಿ ಕಂಡಿತು. ರೈಲಿನಲ್ಲಿ ಎರಡು ದಿನ ಬಾಯಿ ಬಿಗಿಹಿಡಿದು ಕಿಟಕಿಗೆ ಮುಖಮಾಡಿ ಕುಳಿತ ಮುನ್ನಿ ಕಣ್ಣ ಮುಂದೆ ಬಂದಳು. ನಮ್ಮ ಕಾಲ ಬಳಿಯ ಮಣ್ಣು ಒದ್ದೆಯಾಯಿತು. ಹುಸೇನಸಾಬ ಸಲಿಕೆ ಎತ್ತಿ ತೋರಿಸಿದ. ಇಬ್ಬರೂ ಬದು ಹತ್ತಿದೆವು.

ಬದುವಿನ ಮೇಲೆ ಜುಬೇದಾ ನಿಂತಿದ್ದಳು. ಸೊಂಟದ ಮೇಲೆ ಆಗಷ್ಟೇ ಎದ್ದ ಮುನ್ನಿ. ಹಿಂದೆ ರಸ್ತೆಯಲ್ಲಿ ಸಾಮಾನು ಹೇರಿದ ಟಾಂಗಾ.

“ಅಕ್ಕಾ, ಇನ್ನೊಂದು ಸ್ವಲ್ಪ ತಡಿ,” ಎಂದ ದಸ್ತಗೀರ. “ನೀರು ಇಂಗಿದ ಕೂಡ್ಲೆ ಮತ್ತ ಇಳೀತೇವಿ.”

ಜುಬೇದಾ ನಮ್ಮ ಕೆಸರು ಕಾಲುಗಳನ್ನು ನೋಡಿದಳು. ಮಗಳನ್ನು ನೋಡಿದಳು. ಆಮೇಲೆ ಹೊಸ ಸೀರೆಯ ಗೊಡವೆಯಿಲ್ಲದೆ ಬದುವಿನ ಮೇಲೆ ಕುಳಿತೇಬಿಟ್ಟಳು.

“ಸಾಕು ಬಿಡ್ರೆಪಾ. ಬರ್ರಿ, ಕುಂತ್ರಿ. ಎಷ್ಟೊತ್ತು ಹುಡುಕ್ತೀರಿ? ತಾಟು ಕೊಟ್ಟಾವ್ರ ಕಡೀಗೇ ಹೊಂಟೇವಿ ನಾವು. ಅವರ ಮುಂದ ಕುಂತು ಉಣ್ಣಾಕ ಅವರ ತಾಟ ಯಾಕ ಬೇಕು?” ಅದನ್ನೇ ಮಗಳ ಕಿವಿಯಲ್ಲಿ ಉರ್ದುವಿನಲ್ಲಿ ಹೇಳಿದಳು. ಮುನ್ನಿ ಅಳುತ್ತಾಳೆಂದುಕೊಂಡೆವು. ಅವಳು ಅಳಲಿಲ್ಲ. ತಾಯಿಯ ತೊಡೆಯಿಂದ ಇಳಿದು, ಕೆಸರಿನಲ್ಲಿ ಬೆರಳಾಡಿಸುತ್ತ ಕುಳಿತಳು.

ನನ್ನ ಎದೆಯ ಮೇಲಿನ ಕಲ್ಲು ಇಳಿದದ್ದು ಆಗ. ತಾಟು ಇನ್ನೂ ಸಿಕ್ಕಿರಲಿಲ್ಲ.

ಕೆಳಗಿನ ಕೊನೆಯಲ್ಲಿ ಹುಸೇನಸಾಬ ಒಮ್ಮೆಲೇ ಕಿರುಚಿದ. “ಏ, ಇಲ್ನೋಡ್ರಲೇ, ಏನ್ ಬರಾಕತ್ತೈತಿ!” ಬಾವಿಯ ಕಡೆಯ ಸಾಲಿನಿಂದ, ನಾನು ‘ಆಗೂದಿಲ್ಲ’ ಎಂದಿದ್ದ ಸಾಲಿನಿಂದ, ಹಸಿರು ತಾಟು ಅಂಗಾತ ತೇಲುತ್ತ ಬರುತ್ತಿತ್ತು. ಅದರೊಳಗೆ ಒಂದು ಮರಿಗಪ್ಪೆ, ಬಾಡಿಗೆ ಕೊಟ್ಟು ಟಾಂಗಾ ಹತ್ತಿದ ಸಾಹುಕಾರನ ಗತ್ತಿನಲ್ಲಿ. ಮುನ್ನಿ ಕೇಕೆ ಹಾಕಿ ಚಪ್ಪಾಳೆ ತಟ್ಟಿದಳು. ತಾಟಿಗಿಂತ ಕಪ್ಪೆಗೇ ಎಂದು ನನ್ನ ಅನುಮಾನ. ಹುಸೇನಸಾಬ ತಾಟನ್ನು ಎತ್ತಿಕೊಟ್ಟು, “ನೀರಿಗೆ ನಾನ ಹೇಳಿ ಕಳಿಸಿದ್ದೆ,” ಎಂದ. ಆಮೇಲೆ ಎಷ್ಟೋ ತಿಂಗಳು ಎಲೆ ಕೊಳ್ಳಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದನಂತೆ.

ಟಾಂಗಾ ಹೊರಟಿತು. ಅಕ್ಕನನ್ನು ಸ್ಟೇಷನ್ನಿಗೆ ಬಿಡಲು ಹಿಂದೆ ಕುಳಿತಿದ್ದ ದಸ್ತಗೀರ ಅಲ್ಲಿಂದಲೇ ಕೈಯೆತ್ತಿ ಕೂಗಿದ. “ಲೆಕ್ಕಮಾಸ್ತರ, ಬಾವೀತನ ಒಗದೇನಿ! ಬರಕೋ!”

ಬರೆದುಕೊಂಡೆ. ಆದರೆ ಆ ದಿನದ ಪುಟದಲ್ಲಿ ನಾನು ಬರೆದದ್ದು ಅವನ ಎಸೆತವನ್ನು ಮಾತ್ರ. ಎಷ್ಟು ಹೊತ್ತು ಹುಡುಕಬೇಕೆಂಬ ಪ್ರಶ್ನೆಗೆ ಬದುವಿನ ಮೇಲೆ ಕುಳಿತ ಜುಬೇದಾ ಉತ್ತರ ಕೊಟ್ಟಿದ್ದಳು. ಅದು ನನ್ನ ತಲೆಗೆ ಇಳಿಯಲು ಇಷ್ಟು ವರ್ಷ ಬೇಕಾಯಿತು. ಶೇಂಗಾ ಅಲ್ಲ, ನೀರಲ್ಲ. ಯಾರದು ಕಳೆದಿದೆಯೋ ಅವರು ಸಾಕೆನ್ನುವತನಕ. ಈ ಸಲ ಕಳೆದದ್ದು ನನ್ನದು. ಸಾಕೆನ್ನಬೇಕಾದವನೂ ನಾನೇ.

ಕನಕಾಂಬರದ ಮಡಿಯ ಕೊನೆಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ.

“ಅಲ್ಲೇನ್ ಮಾಡಾಕತ್ತೀರಿ?” ಎಂದಳು ಹೆಂಡತಿ.

“ಕುಂತೇನಿ.”

“ಟೋಪಿ?”

“ಹೋತು.”

ಅವಳು ಬಂದು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೂ ಇರಲಿಲ್ಲ. ಇಬ್ಬರೂ ಅಲ್ಲೇ ಚಹಾ ಕುಡಿದೆವು. ನೀರು ನಿಧಾನಕ್ಕೆ ಮಡಿಯ ಕೊನೆ ಮುಟ್ಟಿತು. ಟೋಪಿ ಬರಲಿಲ್ಲ, ಒಂದು ಸುಟ್ಟ ಕಡ್ಡಿ ಬಂತು.

ಸಂಜೆ ಅವಳು ಜೋಳದ ದಂಟಿನ ಬೆಂಡು ಕತ್ತರಿಸಿ, ನಡುವೆ ತೂತು ಕೊರೆದು, ಪೆನ್ನಿಗೆ ಹೊಸ ಟೋಪಿ ಮಾಡಿಕೊಟ್ಟಳು. ಇದನ್ನು ಬರೆಯುತ್ತಿರುವುದು ಅದೇ ಪೆನ್ನಿನಲ್ಲಿ. ಬೆಂಡಿನ ಟೋಪಿ ಸ್ವಲ್ಪ ಸಡಿಲ, ಇಂದಲ್ಲ ನಾಳೆ ಇದೂ ಎಲ್ಲೋ ಬಿದ್ದುಹೋಗುತ್ತದೆ. ಹೋಗಲಿ. ನೀರಿಗೆ ಬಿದ್ದರೆ ತೇಲುತ್ತದೆ.